ಗದ್ದೆ, ತೋಟ, ರೈಲು

ಅಮ್ಮ ಜಪಾನಿಗೆ ಬಂದು ನಾಲ್ಕನೇ ದಿನ. 2014ರ ಜೂನ್ ತಿಂಗಳ ಒಂದು ಭಾನುವಾರ. ಟೋಕಿಯೊದ ಶಿಬುಯಾ ತೋರಿಸೋಣ ಅಂತ, ನಾವಿರುವ ಯೊಕೊಹಾಮಾದ ನಾಗತ್ಸುತಾ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. ಇಲ್ಲಿನ ರೈಲುಗಳಲ್ಲಿ ಸೀಟು ಅಂದರೆ ಕಿಟಕಿಗೆ ಬೆನ್ನು ಮಾಡಿದ ಉದ್ದ ಬೆಂಚು. ಎಲ್ಲರೂ ಎದುರಿನವರ ಮೊಣಕಾಲು ನೋಡುತ್ತಾ ಕೂರುತ್ತಾರೆ. ಅಮ್ಮ ಹಾಗೆ ಕೂರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೂರ್ತಿ ಹಿಂದಕ್ಕೆ ತಿರುಗಿ, ಗಾಜಿಗೆ ಮುಖ ತಾಗಿಸಿ ಕೂತಳು.

ರೈಲು ಹೊರಟು ಒಂದು ನಿಮಿಷ ಆಗಿತ್ತೋ ಇಲ್ಲವೋ, ತಾನಾ ಅನ್ನುವ ಸಣ್ಣ ಸ್ಟೇಷನ್ ಬರುವುದಕ್ಕೆ ಮೊದಲು, ನೀರು ನಿಲ್ಲಿಸಿದ ಗದ್ದೆ ಕಾಣಿಸಿತು. "ಅಯ್ಯೋ, ನಾಟಿ ಆಗಿದೆ ಕಣೋ! ಎಂಟು ದಿನ ಆಗಿರ್ಬೇಕು. ಸಸಿ ಇನ್ನೂ ಬೇರು ಹಿಡಿದಿಲ್ಲ" ಅಂದಳು. ಎರಡು ವರ್ಷದಿಂದ ದಿನಾ ಅದೇ ದಾರಿಯಲ್ಲಿ ಓಡಾಡುತ್ತಿದ್ದೆ. ಅಲ್ಲಿ ಗದ್ದೆ ಇದೆ ಅನ್ನುವುದು ಗೊತ್ತಿತ್ತು. ನಾಟಿ ಯಾವಾಗ ಆಯಿತು ಅಂತ ಒಂದು ದಿನವೂ ನೋಡಿರಲಿಲ್ಲ.

ಆಮೇಲೆ ಬರೀ ಮನೆಗಳು. ಗುಡ್ಡದ ಮೇಲೆ ಮನೆ, ಗುಡ್ಡದ ಕೆಳಗೆ ಮನೆ. ಇಚಿಗಾಓ, ಎದಾ ಸ್ಟೇಷನ್ನುಗಳು ಬಂದವು. ಅಮ್ಮ ಇದ್ದಕ್ಕಿದ್ದಂತೆ "ಇಲ್ಲೂ ಗದ್ದೆ ಇತ್ತು" ಅಂದಳು. ಹೇಗೆ ಹೇಳ್ತೀಯ ಅಂದೆ. "ಎರಡೂ ಕಡೆ ಗುಡ್ಡ, ನಡುವೆ ಬಳುಕಿಕೊಂಡು ಹೋಗೋ ತಗ್ಗು. ಬೈಲುಗದ್ದೆ ಹಾಗೇ ಅಲ್ವೇನೋ ಇರೋದು? ಮೇಲೆ ಮಣ್ಣು ಹಾಕಿದ್ರೂ ನೆಲದ ನಡಿಗೆ ಹೋಗಲ್ಲ" ಅಂದಳು. ಸ್ವಲ್ಪ ಹೊತ್ತು ಸುಮ್ನಿದ್ದು ಮತ್ತೆ ಕೇಳಿದಳು: "ಈ ಗದ್ದೆಯವರೆಲ್ಲ ಎಲ್ಲಿಗೆ ಹೋದ್ರು?"

ಈ ಪ್ರಶ್ನೆ ಅಮ್ಮನಿಗೆ ಯಾಕೆ ಬಂತು ಅಂತ ನನಗೆ ಗೊತ್ತು. ಅವಳ ತವರು ಹೊಸನಗರದ ಕಡೆ. ಅವಳಿಗೆ ಎಂಟು ವರ್ಷ ಇದ್ದಾಗ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಮನೆ, ಕೊಟ್ಟಿಗೆ, ಅಡಿಕೆ ತೋಟ, ಎರಡು ಎಕರೆ ಬೈಲುಗದ್ದೆ, ಎಲ್ಲ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜ ಅವಳನ್ನು ಕರೆದುಕೊಂಡು ಹೋಗಿ, ಒಣಗಿ ಬಿರುಕು ಬಿಟ್ಟ ಕೆಸರಿನಲ್ಲಿ ನಿಂತು, ಇದು ನಮ್ಮ ಗದ್ದೆ ಅಂಚು, ಇದು ಬಾವಿ ಕಟ್ಟೆ ಅಂತ ತೋರಿಸುತ್ತಿದ್ದರಂತೆ. ಕೆಳಗೆ ಏನಿತ್ತು ಅಂತ ಮೇಲಿನಿಂದ ಓದುವುದನ್ನು ಅವಳು ಕಲಿತದ್ದು ಅಲ್ಲಿ.

ಅವತ್ತು ರಾತ್ರಿ ಅಮ್ಮ ಮಲಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತೆ. ಜಪಾನಿನ ಸರ್ಕಾರಿ ನಕ್ಷೆಗಳ ತಾಣದಲ್ಲಿ ಹಳೆಯ ವಿಮಾನ ಚಿತ್ರಗಳು ಸಿಗುತ್ತವೆ. 1940ರ ದಶಕದಲ್ಲಿ, ಯುದ್ಧ ಮುಗಿದ ಮೇಲೆ, ಅಮೆರಿಕದ ಸೇನೆ ತೆಗೆದ ಕಪ್ಪು-ಬಿಳುಪು ಚಿತ್ರಗಳು. ಎದಾ, ಇಚಿಗಾಓ ಇರುವ ಜಾಗವನ್ನು ಹುಡುಕಿ ದೊಡ್ಡದು ಮಾಡಿದೆ. ಕಾಡು ತುಂಬಿದ ಗುಡ್ಡಗಳು. ಅವುಗಳ ನಡುವೆ ಬೆರಳುಗಳ ಹಾಗೆ ಒಳಗೆ ಹೋದ ತೆಳ್ಳನೆಯ ಕಣಿವೆಗಳು. ಪ್ರತಿ ಕಣಿವೆಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಈ ಥರದ ಕಣಿವೆಗೆ ಇಲ್ಲಿನವರು 'ಯಾತೊ' ಅನ್ನುತ್ತಾರೆ. ನಮ್ಮ ತೀರ್ಥಹಳ್ಳಿ ಕಡೆ ಗುಡ್ಡಗಳ ನಡುವಿನ ಗದ್ದೆ ಸಾಲಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಇನ್ನೊಂದು ಮಾತು. ಈ ರೈಲು ದಾರಿಯ ಹೆಸರು ದೆನ್‌ಎನ್-ತೋಶಿ ಲೈನ್. 'ತೋಶಿ' ಅಂದರೆ ಪಟ್ಟಣ. 'ದೆನ್‌ಎನ್' ಅನ್ನುವುದನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದು ಗದ್ದೆ. ನಾಲ್ಕು ಚೌಕದ ಗದ್ದೆಯ ಚಿತ್ರವೇ ಆ ಅಕ್ಷರ, ನಡುವಿನ ಗೆರೆಗಳು ಅಂಚು. ಎರಡನೆಯದು ತೋಟ. ಗದ್ದೆ-ತೋಟದ ಪಟ್ಟಣ! ಮಾರನೇ ದಿನ ಪೇಪರಿನ ಮೇಲೆ ಬರೆದು ತೋರಿಸಿದೆ. ಅಮ್ಮ ಆ ಚೌಕದ ಮೇಲೆ ಬೆರಳಾಡಿಸಿ "ಇದಕ್ಕೆ ಓದು ಬರಹ ಬೇಕಾಗಿಲ್ಲ, ನೋಡಿದ್ರೇ ಗೊತ್ತಾಗುತ್ತೆ" ಅಂದಳು.

ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಈ ಲೈನಿನ ಕಥೆಯೊಳಗೆ ಇಳಿದೆ. ಇಳಿದವನು ಇನ್ನೂ ಮೇಲೆ ಬಂದಿಲ್ಲ.

ಶುರು ಆಗುವುದು ಶಿಬುಸಾವಾ ಎಯಿಚಿ ಅವರಿಂದ. ಜಪಾನಿನ ಮೊದಲ ಬ್ಯಾಂಕುಗಳು, ಕಂಪನಿಗಳನ್ನು ಕಟ್ಟಿದ ಹಿರಿಯರು. 2024ರಿಂದ 10 ಸಾವಿರ ಯೆನ್ ನೋಟಿನ ಮೇಲೆ ಇರುವುದು ಅವರದೇ ಮುಖ. ಹೊಗೆ, ಇಕ್ಕಟ್ಟು ಇಲ್ಲದ, ಗಿಡಮರಗಳ ನಡುವೆ ಮನೆಗಳಿರುವ ಊರು ಕಟ್ಟಬೇಕು ಅಂತ 1918ರಲ್ಲಿ ಅವರು 'ದೆನ್‌ಎನ್ ತೋಶಿ' ಅನ್ನುವ ಕಂಪನಿ ಶುರು ಮಾಡಿದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಮನೆ ಕಟ್ಟಿದರೆ ಸಾಲದು, ಜನ ಟೋಕಿಯೊಗೆ ಕೆಲಸಕ್ಕೆ ಹೋಗಬೇಕಲ್ಲ? ಅದಕ್ಕೆ ರೈಲು ಬೇಕಾಯಿತು. ರೈಲು ನಡೆಸುವ ಉಪಾಯ ಕೇಳಲು ಕಂಪನಿಯವರು ಒಸಾಕಾ ಕಡೆಯ ಕೊಬಾಯಾಶಿ ಇಚಿಝೋ ಅವರ ಹತ್ತಿರ ಹೋದರು. ಕೊಬಾಯಾಶಿ 1910ರಲ್ಲೇ ಅಲ್ಲಿ ಹಳಿ ಹಾಕಿಸಿ, ಹಳಿಯ ಪಕ್ಕದಲ್ಲಿ ಮನೆ ಕಟ್ಟಿಸಿ, ತಿಂಗಳ ಕಂತಿನಲ್ಲಿ ಮಾರಿ ಗೆದ್ದಿದ್ದವರು. ಅವರು ಒಬ್ಬರ ಹೆಸರನ್ನು ಸೂಚಿಸಿದರು. ಗೋತೋ ಕೇತಾ.

ಗೋತೋ ಮೊದಲು ರೈಲ್ವೆ ಇಲಾಖೆಯಲ್ಲಿ ಅಧಿಕಾರಿ ಆಗಿದ್ದವರು. ಅವರು ಕಟ್ಟಿ ಬೆಳೆಸಿದ್ದೇ ಇವತ್ತಿನ ತೋಕ್ಯೂ ಕಂಪನಿ. ಬೇರೆ ಕಂಪನಿಗಳನ್ನು ನುಂಗಿ ನೀರು ಕುಡಿಯುತ್ತಿದ್ದರು ಅಂತ ಜನ ಅವರಿಗೆ 'ಗೋಓತೋ' ಅಂತ ಅಡ್ಡಹೆಸರು ಇಟ್ಟಿದ್ದರು. ಜಪಾನಿ ಭಾಷೆಯಲ್ಲಿ ಹಾಗೆ ಎಳೆದು ಹೇಳಿದರೆ ದರೋಡೆಕೋರ ಅಂತ ಅರ್ಥ. (ಹಾಂ, ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಶಿಬುಸಾವಾ ಅವರ ಕಂಪನಿ 1923ರಲ್ಲಿ ಮಾರಲು ಶುರು ಮಾಡಿದ ದೆನ್‌ಎನ್-ಚೋಫು ಅನ್ನುವ ಸುಂದರ ಬಡಾವಣೆ ದೆನ್‌ಎನ್-ತೋಶಿ ಲೈನಿನಲ್ಲಿ ಇಲ್ಲ. ಬೇರೆ ಲೈನಿನಲ್ಲಿದೆ. ಹೆಸರು ನಂಬಿ ಹೋಗಿ ನಮ್ಮ ಸ್ನೇಹಿತರೊಬ್ಬರು ಒಂದಿಡೀ ಮಧ್ಯಾಹ್ನ ಕಳೆದುಕೊಂಡಿದ್ದಾರೆ.)

ಈಗ ನಮ್ಮ ಗುಡ್ಡಗಳಿಗೆ ಬರೋಣ. ಯುದ್ಧ ಮುಗಿದ ಮೇಲೆ ಟೋಕಿಯೊಗೆ ಜನ ಪ್ರವಾಹದ ಹಾಗೆ ಬರುತ್ತಿದ್ದರು. ಇರಲು ಮನೆ ಇಲ್ಲ. 1953ರ ಜನವರಿಯಲ್ಲಿ ಗೋತೋ ತಾಮಾ ನದಿಯ ಆಚೆ ಇರುವ ಈ ಗುಡ್ಡಗಾಡಿನ ಜಮೀನುದಾರರನ್ನು ಕರೆಸಿ ಒಂದು ಯೋಜನೆ ಮುಂದಿಟ್ಟರು. ನಿಮ್ಮ ಊರಿನಲ್ಲಿ ಹೊಸ ಪಟ್ಟಣ ಕಟ್ಟೋಣ ಅಂತ. ಆಗ ಇಲ್ಲಿ ಇದ್ದದ್ದು ಓಯಾಮಾ ಬೆಟ್ಟಕ್ಕೆ ಯಾತ್ರೆ ಹೋಗುವವರ ಹಳೆಯ ರಸ್ತೆ, ಆ ರಸ್ತೆಯ ಮೇಲೆ ಎದಾ, ನಾಗತ್ಸುತಾ ಥರದ ತಂಗುವ ಊರುಗಳು, ಬಿಟ್ಟರೆ ಗದ್ದೆ, ಇದ್ದಿಲು ಸುಡುವ ಕಾಡು. ಮೊದಲು ಅವರ ತಲೆಯಲ್ಲಿ ಇದ್ದದ್ದು ರೈಲಲ್ಲ, ಸುಂಕ ಕಟ್ಟಿ ಹೋಗುವ ಹೆದ್ದಾರಿ. ಅದು ನಡೆಯಲಿಲ್ಲ. ಆಮೇಲೆ ಮಿಝೋನೋಕುಚಿಯಲ್ಲಿ ಮುಗಿಯುತ್ತಿದ್ದ ಹಳಿಯನ್ನೇ ಮುಂದಕ್ಕೆ ಎಳೆಯುವುದು ಅಂತ ತೀರ್ಮಾನ ಆಯಿತು. ಗೋತೋ 1959ರಲ್ಲಿ ತೀರಿಕೊಂಡರು. ಮಗ ನೊಬೋರು ಮುಂದುವರಿಸಿದರು.

ಆದರೆ ಜಮೀನು? ಅಮ್ಮನ ಪ್ರಶ್ನೆ ಇದ್ದದ್ದೇ ಅಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಂಪನಿ ಅಲ್ಲಲ್ಲಿ ಜಮೀನು ಕೊಂಡುಕೊಂಡಿತು, ನಿಜ. ಆದರೆ ಇಡೀ ಗುಡ್ಡವನ್ನು ಕೊಂಡುಕೊಂಡು ರೈತರನ್ನು ಎಬ್ಬಿಸಿ ಕಳಿಸಲಿಲ್ಲ. ಒಂದೊಂದು ಪ್ರದೇಶದ ರೈತರು ಸೇರಿ ಒಂದು ಸಂಘ ಮಾಡಿಕೊಂಡರು. ಎಲ್ಲರ ಜಮೀನನ್ನೂ ಲೆಕ್ಕದಲ್ಲಿ ಒಟ್ಟು ಸೇರಿಸಿದರು. ನಿಮಗೆ ಗೊತ್ತಿರುವ ಹಾಗೆ ಗದ್ದೆ ಅನ್ನುವುದು ಒಂದೇ ಕಡೆ ಇರುವುದಿಲ್ಲ. ಮೇಲೆ ಎರಡು ಮಡಿ, ಕೆಳಗೆ ಮೂರು ಮಡಿ, ಗುಡ್ಡದಾಚೆ ಒಂದು ಚೂರು. ದಾರಿ ಅಂದರೆ ಅಂಚೇ ದಾರಿ. ಆ ಒಟ್ಟು ನೆಲವನ್ನು ಹೊಸದಾಗಿ ಕತ್ತರಿಸಿದರು. ಮೊದಲು ರಸ್ತೆಗೆ, ಪಾರ್ಕಿಗೆ, ಶಾಲೆಗೆ ಜಾಗ ತೆಗೆದರು. ಆಮೇಲೆ ಒಂದಿಷ್ಟು ಜಾಗವನ್ನು ಪಕ್ಕಕ್ಕೆ ಇಟ್ಟರು. ಅದು ಕೆಲಸದ ಖರ್ಚಿಗೆ. ಉಳಿದದ್ದನ್ನು ರೈತರಿಗೆ, ಅವರವರ ಪಾಲಿಗೆ ತಕ್ಕ ಹಾಗೆ, ವಾಪಸ್ ಕೊಟ್ಟರು. ಉದಾಹರಣೆಗೆ ಹತ್ತು ಗುಂಟೆ ಕೊಟ್ಟವನಿಗೆ ಏಳು ಗುಂಟೆ ಬಂತು ಅಂದುಕೊಳ್ಳಿ. ಮೂರು ಗುಂಟೆ ಹೋಯಿತು. ಆದರೆ ಬಂದ ಏಳು ಗುಂಟೆಗೆ ಮುಂದೆ ರಸ್ತೆ ಇದೆ, ನೀರಿದೆ, ಚರಂಡಿ ಇದೆ, ನಡೆದು ಹೋಗುವ ದೂರದಲ್ಲಿ ರೈಲಿದೆ.

ಈ ಪದ್ಧತಿ ಜಪಾನಿನಲ್ಲಿ ಮೊದಲೇ ಇತ್ತು. ತೋಕ್ಯೂ ಮಾಡಿದ ಹೊಸದು ಏನೆಂದರೆ, ಸಂಘದ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಿತು. ಅಳತೆ, ನಕ್ಷೆ, ಗುಡ್ಡ ಅಗೆಯುವುದು, ಸಾಲ ತರುವುದು, ಎಲ್ಲ. ರೈತರು ಕೈಯಿಂದ ದುಡ್ಡು ಹಾಕಬೇಕಾಗಿರಲಿಲ್ಲ. ಅದಕ್ಕೆ ಬದಲಾಗಿ ಆ ಪಕ್ಕಕ್ಕೆ ಇಟ್ಟ ಜಾಗ ಕಂಪನಿಗೆ. ಅದನ್ನು ಸೈಟು ಮಾಡಿ ಮಾರಿದರೆ ಖರ್ಚು ಹುಟ್ಟುತ್ತದೆ, ಮನೆ ಕಟ್ಟಿದವರು ದಿನಾ ರೈಲು ಹತ್ತುತ್ತಾರೆ. ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. ಮನೆ ಮನೆಗೆ ಹೋಗಿ, ರಾತ್ರಿ ಸಭೆ ಸೇರಿಸಿ, ವರ್ಷಗಟ್ಟಲೆ ಮಾತಾಡಬೇಕಾಯಿತು. ಹೀಗೆ ಒಂದೊಂದೇ ಸಂಘ ಆಗುತ್ತಾ ಕೊನೆಗೆ ಸುಮಾರು 3,200 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 8 ಸಾವಿರ ಎಕರೆ ನೆಲ ಹೊಸ ರೂಪ ಪಡೆಯಿತು. 4 ಲಕ್ಷ ಜನರಿಗೆ ಅಂತ ಲೆಕ್ಕ ಹಾಕಿದ್ದ ಪಟ್ಟಣದಲ್ಲಿ ಈಗ 6 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ.

ಇದನ್ನೆಲ್ಲ ಅಮ್ಮನಿಗೆ ಅಡುಗೆಮನೆಯಲ್ಲಿ ಕೂತು ವಿವರಿಸಿದೆ. ಅವಳು ತರಕಾರಿ ಹೆಚ್ಚುತ್ತಾ ಕೇಳಿದಳು. ಪೂರ್ತಿ ಕೇಳಿದ ಮೇಲೆ "ಅಂದ್ರೆ ಅವರು ಅಲ್ಲೇ ಇದಾರೆ" ಅಂದಳು. ಹೌದು ಅಂದೆ. "ಜಮೀನು ಹೋದ್ರೂ ಊರು ಹೋಗಿಲ್ಲ" ಅಂದಳು. ಮತ್ತೆ ಏನೂ ಮಾತಾಡಲಿಲ್ಲ.

ಮಿಝೋನೋಕುಚಿಯಿಂದ ನಾಗತ್ಸುತಾವರೆಗಿನ 14.2 ಕಿಲೋಮೀಟರ್ ಹಳಿ 1966ರ ಏಪ್ರಿಲ್ 1ರಂದು ಶುರುವಾಯಿತು. ಆ ಕಾಲದ ಫೋಟೋಗಳನ್ನು ನೋಡಿದರೆ ಒಂಥರಾ ಆಗುತ್ತದೆ. ಬೋಳು ಕೆಮ್ಮಣ್ಣಿನ ಗುಡ್ಡಗಳು, ನಡುವೆ ಹೊಚ್ಚ ಹೊಸ ಸ್ಟೇಷನ್, ಸುತ್ತ ಒಂದು ಮನೆಯೂ ಇಲ್ಲ. ಪುಟ್ಟ ರೈಲು ಖಾಲಿ ಖಾಲಿ ಬಂದು ಹೋಗುತ್ತಿತ್ತು. ಆದರೆ ಹಾಕಿದವರ ಕಣ್ಣು ದೂರದ ಮೇಲೆ ಇತ್ತು. ಗುಡ್ಡ ಬಂದರೆ ಸುರಂಗ ಇಲ್ಲವೇ ದರೆ ಕಡಿದ ದಾರಿ, ತಗ್ಗು ಬಂದರೆ ಸೇತುವೆ. ಈ ಭಾಗದಲ್ಲಿ ಲೆವೆಲ್ ಕ್ರಾಸಿಂಗ್ ಗೇಟು ಒಂದೂ ಇಲ್ಲ. ಒಂದೂ ಮನೆ ಇಲ್ಲದ ಕಡೆ ಅಷ್ಟು ಖರ್ಚು ಮಾಡಿ ಮೇಲೆ ಕೆಳಗೆ ದಾರಿ ಮಾಡಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ಇವತ್ತು ಬೆಳಗ್ಗೆ ಎರಡು ನಿಮಿಷ ಚಿಲ್ಲರೆಗೆ ಒಂದು ರೈಲು ಹೋಗುವಾಗ ಗೇಟು ಇದ್ದಿದ್ದರೆ ಅದು ತೆರೆಯುತ್ತಲೇ ಇರಲಿಲ್ಲ, ಅಲ್ವಾ?

ಸ್ಟೇಷನ್ನುಗಳಿಗೆ ಹೆಸರು ಇಡುವಾಗಲೂ ಮುಂದಿನ ಊರನ್ನೇ ನೋಡಿದರು. ಮೋತೋ-ಇಶಿಕಾವಾ ಅನ್ನುವ ಹಳ್ಳಿಯ ಹೆಸರು ಇಡಬೇಕಾಗಿದ್ದ ಸ್ಟೇಷನ್ನಿಗೆ ಗೋತೋ ನೊಬೋರು 'ತಾಮಾ ಪ್ಲಾಜಾ' ಅಂತ ಇಟ್ಟರು. ಪ್ಲಾಜಾ ಅಂದರೆ ಸ್ಪ್ಯಾನಿಶ್ ಮಾತಿನಲ್ಲಿ ಊರ ನಡುವಿನ ಬಯಲು. ಗದ್ದೆ ಬಯಲಿನಲ್ಲಿ ನಿಂತು ಅವರು ಜನ ತುಂಬಿದ ಬಯಲನ್ನು ಕಂಡಿದ್ದರು. ಪಕ್ಕದ ಬಡಾವಣೆಯ ಹೆಸರು ಉತ್ಸುಕುಶಿಗಾಓಕಾ, ಸುಂದರ ಗುಡ್ಡ ಅಂತ. 1972ರಲ್ಲಿ ಅಲ್ಲಿನ ನಿವಾಸಿಗಳೇ ಸೇರಿ, ಮನೆಗಳು ಇಷ್ಟೇ ಎತ್ತರ ಇರಬೇಕು, ಸೈಟನ್ನು ಚೂರು ಚೂರು ಮಾಡಬಾರದು ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಇವತ್ತಿಗೂ ಅಲ್ಲಿ ನಡೆದರೆ ಆಕಾಶ ಜಾಸ್ತಿ ಕಾಣುತ್ತದೆ.

ಒಂದು ದೊಡ್ಡ ಕೊರತೆ ಇತ್ತು. ಈ ರೈಲು ನೇರ ಶಿಬುಯಾಗೆ ಹೋಗುತ್ತಿರಲಿಲ್ಲ. ಶಿಬುಯಾದಿಂದ ತಾಮಾ ನದಿಯವರೆಗೆ ಆಗ ಓಡುತ್ತಿದ್ದದ್ದು ರಸ್ತೆ ಮೇಲಿನ ಟ್ರಾಮು. 1907ರಲ್ಲಿ ಶುರುವಾದದ್ದು, ನದಿಯ ಜಲ್ಲಿಯನ್ನು ಟೋಕಿಯೊದ ಕಟ್ಟಡಗಳಿಗೆ ಸಾಗಿಸುತ್ತಿತ್ತು. 'ಜಲ್ಲಿ ರೈಲು' ಅಂತಲೇ ಜನ ಕರೆಯುತ್ತಿದ್ದರು. ಕಾರುಗಳು ಜಾಸ್ತಿಯಾಗಿ 1969ರಲ್ಲಿ ಅದು ನಿಂತಿತು. ಅದೇ ರಸ್ತೆಯ ಕೆಳಗೆ ಸುರಂಗ ತೋಡಿ 1977ರಲ್ಲಿ ಹೊಸ ಹಳಿ ಬಂತು. ಮಾರನೇ ವರ್ಷ ಅದು ನಗರದೊಳಗಿನ ಸುರಂಗ ರೈಲಿಗೆ ಕೂಡಿಕೊಂಡಿತು. 1984ರಲ್ಲಿ ಇನ್ನೊಂದು ತುದಿ ಚುಓ-ರಿಂಕಾನ್ ಮುಟ್ಟಿತು. ಹೀಗೆ ಒಟ್ಟು 31.5 ಕಿಲೋಮೀಟರ್, 27 ಸ್ಟೇಷನ್. ನಾಗತ್ಸುತಾದಲ್ಲಿ ಹತ್ತಿದವನು ಇಳಿಯದೆ, ಬದಲಿಸದೆ ಟೋಕಿಯೊದ ಹೊಟ್ಟೆಯೊಳಗೆ ಹೋಗುವ ಹಾಗಾಯಿತು. ಅದರ ಜೊತೆಗೇ ನೂಕುನುಗ್ಗಲೂ ಬಂತು.

ಆ ನೂಕುನುಗ್ಗಲಿನ ಬಗ್ಗೆ ಹೇಳದೆ ಈ ಲೈನಿನ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ. ನಾನು 2012ರಿಂದ ಎಂಟು ವರ್ಷ ಅದರಲ್ಲಿ ನಿಂತಿದ್ದೇನೆ.

ಬೆಳಗ್ಗೆ ಏಳೂವರೆಗೆ ನಾಗತ್ಸುತಾ. ಇಲ್ಲಿ ರೈಲು ಶೆಡ್ ಇರುವುದರಿಂದ ಕೆಲವು ರೈಲು ಇಲ್ಲಿಂದಲೇ ಹೊರಡುತ್ತವೆ. ಒಂದು ರೈಲು ಬಿಟ್ಟು, ಮುಂದಿನ ಖಾಲಿ ರೈಲಿಗೆ ಸಾಲಿನಲ್ಲಿ ನಿಂತರೆ ಸೀಟು ಸಿಗಬಹುದು. ಸೀಟು ಸಿಗದಿದ್ದರೆ ಅಓಬಾದಾಯ್‌ನಲ್ಲೇ ಕೈ ಮೇಲೆತ್ತಿ ಹಿಡಿಕೆ ಹಿಡಿಯಬೇಕು. ಆಮೇಲೆ ಎತ್ತಲು ಆಗುವುದಿಲ್ಲ. ಮಿಝೋನೋಕುಚಿಯಲ್ಲಿ ಇನ್ನೊಂದು ಲೈನಿನ ಜನ ಬಂದು ಸೇರುತ್ತಾರೆ. ಇನ್ನು ಒಬ್ಬರೂ ಹಿಡಿಯುವುದಿಲ್ಲ ಅನ್ನಿಸಿದ ಬಾಗಿಲಲ್ಲಿ ಎಂಟು ಜನ ಬೆನ್ನು ಮುಂದೆ ಮಾಡಿಕೊಂಡು ಹತ್ತುತ್ತಾರೆ. ಯಾರೂ ಬೈಯುವುದಿಲ್ಲ. ಒಂದು ಮಾತಿಲ್ಲ. ಪಕ್ಕದವರ ಉಸಿರು, ಕೋಟಿನ ಒದ್ದೆ ಉಣ್ಣೆಯ ವಾಸನೆ, ಮೋಟಾರಿನ ಸದ್ದು. ಫುತಾಕೋ-ತಾಮಾಗಾವಾ ಬಂದಾಗ ಮಾತ್ರ ಒಂದು ಸಮಾಧಾನ. ಆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ನದಿಯ ಮೇಲಕ್ಕೆ ಚಾಚಿಕೊಂಡಿದೆ. ಚಳಿಗಾಲದ ತಿಳಿ ಬೆಳಗಿನಲ್ಲಿ, ಜನರ ತಲೆಗಳ ನಡುವೆ, ಅಂಗೈಯಗಲ ಫೂಜಿ ಬೆಟ್ಟ ಕಾಣುತ್ತದೆ. ಅರ್ಧ ನಿಮಿಷ. ಆಮೇಲೆ ಸುರಂಗ.

ಜಪಾನಿನಲ್ಲಿ ನೂಕುನುಗ್ಗಲನ್ನು ಅಳೆಯಲು ಸರ್ಕಾರದ್ದೇ ಒಂದು ಅಳತೆ ಇದೆ. ಶೇಕಡಾ 150 ಅಂದರೆ ಪತ್ರಿಕೆಯನ್ನು ಬಿಡಿಸಿ ಓದಬಹುದು. 180 ಅಂದರೆ ಮಡಚಿ ಓದಬಹುದು. 200 ಅಂದರೆ ಮೈಗೆ ಮೈ ಒತ್ತುತ್ತದೆ, ಹೇಗೋ ವಾರಪತ್ರಿಕೆ ಓದಬಹುದು. 250 ಅಂದರೆ ಕೈಯನ್ನೂ ಅಲ್ಲಾಡಿಸಲು ಆಗದು. ಇಕೆಜಿರಿ-ಓಹಾಶಿಯಿಂದ ಶಿಬುಯಾಗೆ ಹೋಗುವ ಕೊನೆಯ ತುಂಡಿನಲ್ಲಿ ನಮ್ಮ ಲೈನಿನ ಲೆಕ್ಕ ವರ್ಷಗಟ್ಟಲೆ 180ರ ಮೇಲೆಯೇ ಇತ್ತು. ಅದು ಒಂದು ಗಂಟೆಯ ಸರಾಸರಿ. ಎಂಟು ಗಂಟೆಯ ಹೊತ್ತಿನಲ್ಲಿ ನಾನು ಯಾವತ್ತೂ ಯಾರ ಕೈಯಲ್ಲೂ ಬಿಡಿಸಿದ ಪತ್ರಿಕೆ ನೋಡಿಲ್ಲ.

ಇದಕ್ಕೆ ಕಾರಣ ಶಿಬುಯಾ ಸ್ಟೇಷನ್. ನೆಲದ ಕೆಳಗೆ ಅಲ್ಲಿ ಈ ಲೈನಿಗೆ ಇರುವುದು ಒಂದೇ ಪ್ಲಾಟ್‌ಫಾರ್ಮ್, ಆಚೆ ಈಚೆ ಒಂದೊಂದು ಹಳಿ. ಮುಂದಿನ ರೈಲಿನ ಜನ ಇಳಿದು ಹತ್ತಿ ಮುಗಿಯುವವರೆಗೆ ಹಿಂದಿನದು ಸುರಂಗದಲ್ಲಿ ನಿಲ್ಲಲೇಬೇಕು. 4 ಲಕ್ಷದ ಪಟ್ಟಣ 6 ಲಕ್ಷ ಆದಾಗ ಈ ಕತ್ತು ಅಗಲ ಆಗಲಿಲ್ಲ. ಅದಕ್ಕೆ ಮಾಡಿದ ಉಪಾಯಗಳನ್ನು ನೋಡಿದರೆ ನನಗೆ ಗೌರವ ಬರುತ್ತದೆ. 2005ರಿಂದ ಕೆಲವು ಬೋಗಿಗಳಿಗೆ ನಾಲ್ಕರ ಬದಲು ಆರು ಬಾಗಿಲು ಇಟ್ಟರು, ಬೇಗ ಇಳಿದು ಹತ್ತಲಿ ಅಂತ. ಬೆಳಗಿನ ಹೊತ್ತು ಅದರ ಸೀಟುಗಳನ್ನೆಲ್ಲ ಗೋಡೆಗೆ ಮಡಚಿ ಬೀಗ ಹಾಕಿರುತ್ತಿದ್ದರು. ಎಲ್ಲರೂ ನಿಂತೇ ಹೋಗಬೇಕು. 2007ರಲ್ಲಿ ಇನ್ನೊಂದು ಕೆಲಸ ಮಾಡಿದರು. ಬೆಳಗಿನ ಎಕ್ಸ್‌ಪ್ರೆಸ್ ರೈಲುಗಳನ್ನು ನಿಧಾನ ಮಾಡಿದರು! ಎಲ್ಲರೂ ಎಕ್ಸ್‌ಪ್ರೆಸ್ಸನ್ನೇ ಹತ್ತುತ್ತಿದ್ದರು, ಅದು ಪ್ರತಿ ಸ್ಟೇಷನ್ನಿನಲ್ಲಿ ಬಾಗಿಲು ಹಾಕಲಾಗದೆ ತಡವಾಗುತ್ತಿತ್ತು, ಅದರ ಹಿಂದಿನ ರೈಲುಗಳೂ ತಡ. ಫುತಾಕೋ-ತಾಮಾಗಾವಾದಿಂದ ಮುಂದೆ ಎಲ್ಲ ರೈಲೂ ಎಲ್ಲ ಕಡೆ ನಿಲ್ಲಲಿ ಅಂತ ಮಾಡಿದಾಗ ಜನ ಸಮನಾಗಿ ಹಂಚಿಹೋದರು. ಒಬ್ಬೊಬ್ಬರ ಓಟ ಕಡಿಮೆ ಮಾಡಿ ಎಲ್ಲರನ್ನೂ ಹೊತ್ತಿಗೆ ಮುಟ್ಟಿಸುವ ಲೆಕ್ಕ ಇದು. ಆಮೇಲೆ ಪ್ಲಾಟ್‌ಫಾರ್ಮಿಗೆ ಗೇಟು ಹಾಕುವಾಗ ಬಾಗಿಲುಗಳು ಒಂದೇ ಅಳತೆಯಲ್ಲಿ ಇರಬೇಕಾಗಿ, 2017ರ ಹೊತ್ತಿಗೆ ಆರು ಬಾಗಿಲಿನ ಬೋಗಿಗಳು ಹೋದವು.

ಒಂದು ಬೆಳಗ್ಗೆ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರ ಕನ್ನಡಕ ನೂಕಾಟದಲ್ಲಿ ಬಿತ್ತು. ಬಗ್ಗಲು ಜಾಗವೇ ಇಲ್ಲ. ಸುತ್ತಲಿನ ಏಳೆಂಟು ಜನ ಮಾತಿಲ್ಲದೆ ಕಾಲು ಎತ್ತಿ ಎತ್ತಿ, ತುಳಿಯದ ಹಾಗೆ, ಶಿಬುಯಾವರೆಗೆ ಆ ಕನ್ನಡಕಕ್ಕೆ ಅಂಗೈಯಷ್ಟು ಜಾಗ ಉಳಿಸಿದರು. ಬಾಗಿಲು ತೆರೆದಾಗ ಒಬ್ಬ ಹುಡುಗಿ ಅದನ್ನು ಎತ್ತಿ ಅವರ ಕೈಗೆ ಕೊಟ್ಟು ಓಡಿದಳು. ಅವರು ಅವಳು ಹೋದ ದಿಕ್ಕಿಗೆ ಬಗ್ಗಿ ನಮಸ್ಕಾರ ಮಾಡಿದರು. ಅವಳು ಆಗಲೇ ಮೆಟ್ಟಿಲು ಹತ್ತಿಯಾಗಿತ್ತು.

ರೈತರು ನೆಲ ಕೊಟ್ಟರು. ಅದರ ಮೇಲೆ ಮನೆ ಕಟ್ಟಿದವರು ನಲವತ್ತು ವರ್ಷ ಬೆಳಗು ಕೊಟ್ಟರು. ನನ್ನ ಮನಸ್ಸಿನಲ್ಲಿ ಇವೆರಡೂ ಒಂದೇ ತಕ್ಕಡಿಯಲ್ಲಿ ಇವೆ. ಸಾಲ ಮಾಡಿ ಸುಂದರ ಗುಡ್ಡದ ಮೇಲೆ ಮನೆ ಮಾಡಿದ ಮನುಷ್ಯ ಆ ಮನೆಯ ಬಿಸಿಲನ್ನು ನೋಡುತ್ತಿದ್ದದ್ದು ಭಾನುವಾರ ಮಾತ್ರ.

ಆ ಜನಕ್ಕೆ ಈಗ ವಯಸ್ಸಾಗಿದೆ. ಗುಡ್ಡ ಆಗ ಚೆಂದ, ಈಗ ಏರು. ತಾಮಾ ಪ್ಲಾಜಾದ ಬೀದಿಗಳಲ್ಲಿ ಕೈಗಾಡಿ ತಳ್ಳುತ್ತಾ ಏರಿನ ಅರ್ಧದಲ್ಲಿ ನಿಂತು ಸುಧಾರಿಸಿಕೊಳ್ಳುವ ಅಜ್ಜಿಯರು ಕಾಣುತ್ತಾರೆ. ಮಕ್ಕಳು ಟೋಕಿಯೊದ ಹತ್ತಿರ ಮನೆ ಮಾಡಿಕೊಂಡು ಹೋಗಿದ್ದಾರೆ. 2012ರಲ್ಲಿ ಯೊಕೊಹಾಮಾ ನಗರಸಭೆ ಮತ್ತು ತೋಕ್ಯೂ ಸೇರಿ, ಈ ಬಡಾವಣೆಗಳನ್ನು ಮುಂದಿನ ತಲೆಮಾರಿಗೆ ಹೇಗೆ ಉಳಿಸುವುದು ಅಂತ ಕೆಲಸ ಶುರು ಮಾಡಿದವು. ಊರು ಕಟ್ಟಿದ ಕಂಪನಿಯೇ ಅರವತ್ತು ವರ್ಷದ ಮೇಲೆ ಅದೇ ಊರಿನ ಮುದುಕರ ಬಗ್ಗೆ ಯೋಚಿಸಬೇಕಾಗಿದೆ. ಸೈಟು ಮಾರಿ ಹೋಗಿಬಿಡಲು ಅದಕ್ಕೆ ಆಗುವುದಿಲ್ಲ. ಹಳಿ ಇಲ್ಲೇ ಇದೆಯಲ್ಲ.

ನಾವು ಇಲ್ಲಿಗೆ ಬಂದದ್ದಕ್ಕೂ ಇದಕ್ಕೂ ಸಂಬಂಧ ಇದೆ. ನಾಗತ್ಸುತಾದಿಂದ ಇನ್ನೊಂದು ಲೈನಿನಲ್ಲಿ ಒಂದು ಸ್ಟೇಷನ್ ದೂರದ ತೊಕಾಯಿಚಿಬಾ, ಅಲ್ಲಿಂದ ಮೇಲೆ ಕಿರಿಗಾಓಕಾ. ಮಕ್ಕಳು ಕಡಿಮೆಯಾಗಿ ಅಲ್ಲಿನ ಒಂದು ಪ್ರಾಥಮಿಕ ಶಾಲೆ ಮುಚ್ಚಿತ್ತು. ಆ ಜಾಗದಲ್ಲಿ 2009ರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್ ಬಂತು. ಅದರ ಸುತ್ತ ಭಾರತದ ಕುಟುಂಬಗಳು ಬಂದವು. ಕನ್ನಡದವರೂ ಇದ್ದೇವೆ. ಸಂಜೆ ಪಾರ್ಕಿನಲ್ಲಿ ನಮ್ಮ ಮಕ್ಕಳು ಆಡುವಾಗ, ಪಕ್ಕದ ಬೆಂಚಿನ ಮೇಲೆ ಜಪಾನಿ ಅಜ್ಜಂದಿರು ಸುಮ್ನೆ ನೋಡುತ್ತಾ ಕೂತಿರುತ್ತಾರೆ. "ಮತ್ತೆ ಸದ್ದು ಬಂತು" ಅಂದರು ಒಬ್ಬರು ನನ್ನ ಹೆಂಡತಿಗೆ. ಬೈಗುಳ ಅಂದುಕೊಂಡು ಅವಳು ಕ್ಷಮೆ ಕೇಳಿದಳು. ಅವರು ಎರಡೂ ಕೈ ಅಲ್ಲಾಡಿಸಿ, ಅಲ್ಲ ಅಲ್ಲ, ಒಳ್ಳೇದಾಯ್ತು ಅಂದರಂತೆ.

ಅಮ್ಮ ಆ ಸಲ ಇದ್ದದ್ದು ಮೂರು ತಿಂಗಳು. ಹೊರಡುವ ಮುಂಚೆ, ಆಗಸ್ಟ್‌ನಲ್ಲಿ, ಅವಳ ಪ್ರಶ್ನೆಯ ಜೀವಂತ ಉತ್ತರ ಸಿಕ್ಕಿತು. ಲೈನಿನ ಹತ್ತಿರದ ಒಂದು ಓಣಿಯಲ್ಲಿ ಮನೆಗಳ ನಡುವೆ ನಾಶಿ ಹಣ್ಣಿನ ತೋಟ. ನಾಶಿ ಅಂದರೆ ಸೇಬಿನ ಹಾಗೆ ದುಂಡಗೆ, ಕಚ್ಚಿದರೆ ಪೇರ್ ಹಣ್ಣಿನ ರಸ. ಯೊಕೊಹಾಮಾದಲ್ಲಿ ಬೆಳೆದದ್ದಕ್ಕೆ 'ಹಾಮಾನಾಶಿ' ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವುದು ಅಪರೂಪ, ತೋಟದ ಬಾಗಿಲಲ್ಲೇ ಮಾರುತ್ತಾರೆ. ಅಮ್ಮ ಹಣ್ಣಿಗಿಂತ ಮೊದಲು ಗಿಡ ನೋಡಿದಳು. ಕೊಂಬೆಗಳನ್ನು ತಲೆಯ ಎತ್ತರಕ್ಕೆ ತಂತಿಯ ಮೇಲೆ ಅಡ್ಡಡ್ಡ ಹರಡಿಸಿ ಕಟ್ಟಿದ್ದರು. "ಹಾಗಲ ಚಪ್ಪರದ ಹಾಗೆ ಮಾಡಿದಾರಲ್ಲೋ!" ಅಂತ ಬಗ್ಗಿ ಒಳಗೇ ಹೋಗಿಬಿಟ್ಟಳು. ಒಂದೊಂದು ಕಾಯಿಗೂ ಕಾಗದದ ಚೀಲ ಕಟ್ಟಿತ್ತು. ಅವಳು ಒಂದು ಚೀಲದ ಗಂಟನ್ನು ಬಿಚ್ಚದೆ, ಕೆಳಗಿನಿಂದ ಎರಡು ಬೆರಳಲ್ಲಿ ಹಗುರಾಗಿ ಒತ್ತಿ ನೋಡಿದಳು.

ತೋಟದ ಯಜಮಾನರು ಬಂದರು. ಅರವತ್ತು ದಾಟಿದವರು, ಕೊರಳಿಗೆ ಟವೆಲ್. ನಾನು ಗಾಬರಿಯಾಗಿ ಕ್ಷಮೆ ಕೇಳಿದೆ. ಅವರು ಅಮ್ಮನ ಬೆರಳನ್ನೇ ನೋಡುತ್ತಿದ್ದರು. "ನಿಮ್ಮ ತಾಯಿ ಬೇಸಾಯದವರಾ?" ಅಂದರು.

ಆಮೇಲೆ ಒಂದು ಗಂಟೆ ನಾನು ಬರೀ ದುಭಾಷಿ. ಬುಲ್ಡೋಜರ್ ಬಂದಾಗ ಅವರಿಗೆ ಹದಿಮೂರು ವರ್ಷ. ಅವರ ಅಪ್ಪ ರಾತ್ರಿ ರಾತ್ರಿ ಸಭೆಗೆ ಹೋಗಿ ಬರುತ್ತಿದ್ದರು. ಅವರ ತಾಯಿ ಅತ್ತದ್ದು ಗದ್ದೆಗಲ್ಲ, ಗುಡ್ಡದ ನೆತ್ತಿಯಲ್ಲಿದ್ದ ಒಂದು ಪರ್ಸಿಮನ್ ಹಣ್ಣಿನ ಮರಕ್ಕೆ. ಆ ಗುಡ್ಡವೇ ಈಗ ಇಲ್ಲ, ಆ ಮಣ್ಣು ಹೋಗಿ ಕಣಿವೆ ತುಂಬಿದೆ. ಗಲ್ಲ ಎತ್ತಿ ಸ್ಟೇಷನ್ ಕಡೆ ತೋರಿಸಿ, "ನಮ್ಮ ಮೇಲಿನ ಗದ್ದೆ ಅಲ್ಲಿತ್ತು. ಈಗ ಬ್ಯಾಂಕ್ ಇದೆ" ಅಂದರು. ವಾಪಸ್ ಬಂದ ಜಾಗದಲ್ಲಿ ಒಂದು ಕಡೆ ಅಪಾರ್ಟ್‌ಮೆಂಟ್ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಇನ್ನೊಂದು ಕಡೆ ಈ ತೋಟ. 1992ರಲ್ಲಿ ಇದನ್ನು ಪಟ್ಟಣದೊಳಗಿನ ಬೇಸಾಯದ ಜಮೀನು ಅಂತ ಬರೆಸಿದ್ದಾರೆ. ತೆರಿಗೆ ಕಡಿಮೆ, ಆದರೆ ಮೂವತ್ತು ವರ್ಷ ಬೇಸಾಯ ಬಿಡುವ ಹಾಗಿಲ್ಲ, ಮನೆ ಕಟ್ಟುವ ಹಾಗಿಲ್ಲ. ಅವರ ಮಗ ದಿನಾ ಅದೇ ರೈಲಿನಲ್ಲಿ ಟೋಕಿಯೊದ ಓತೆಮಾಚಿಗೆ ಕೆಲಸಕ್ಕೆ ಹೋಗುತ್ತಾನೆ.

ಅಮ್ಮ ತನ್ನ ಊರು ಮುಳುಗಿದ್ದನ್ನು ಹೇಳಿದಳು. ನಾನು ಜಪಾನಿಗೆ ತಿರುಗಿಸಿದೆ. ಅವರು ಯಾವ ವರ್ಷ ಅಂದರು. 1964 ಅಂದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಮ್ಮದೂ ಅದೇ ಹೊತ್ತು" ಅಂದರು. ಆಮೇಲೆ ಒಳಗೆ ಹೋಗಿ ಎಂಟು ಹಣ್ಣು ತಂದು ಅಮ್ಮನ ಸೆರಗಿಗೆ ಹಾಕಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

2020ರಲ್ಲಿ ಕೋವಿಡ್ ಬಂದು ನಾವೆಲ್ಲ ಮನೆಯಿಂದ ಕೆಲಸ ಮಾಡಿದೆವು. ನೂಕುನುಗ್ಗಲಿನ ಲೆಕ್ಕ ಧಡಕ್ಕನೆ ಇಳಿಯಿತು. ಒಂದು ಬೆಳಗ್ಗೆ ಎಂಟು ಗಂಟೆಗೆ ಶಿಬುಯಾಗೆ ಹೋಗಬೇಕಾಗಿ ಬಂತು. ಸೀಟಿನಲ್ಲಿ ಕೂತು, ಅಮ್ಮನ ಹಾಗೆ ಪೂರ್ತಿ ತಿರುಗಿ, ಗಾಜಿಗೆ ಮುಖ ಇಟ್ಟು ಹೋದೆ. ಅವಳು ತೋರಿಸಿದ ತಗ್ಗುಗಳೆಲ್ಲ ಕಂಡವು. 2023ರ ಜನವರಿಯಲ್ಲಿ ಹಳೆಯ 8500 ಸರಣಿಯ ರೈಲುಗಳು ಕೊನೆಯ ಸಲ ಓಡಿದವು. 1975ರಿಂದ ಓಡಿದ, ಕೆಂಪು ಪಟ್ಟಿಯ ಸ್ಟೀಲ್ ರೈಲುಗಳು. ಸುರಂಗದೊಳಗೆ ಅವುಗಳ ಮೋಟಾರಿನ ಕೂಗು ಎದೆಗೆ ಬಡಿಯುತ್ತಿತ್ತು. ಅದರ ಎಷ್ಟೋ ಬೋಗಿಗಳು ಇಂಡೋನೇಷ್ಯಾಗೆ ಹೋಗಿ ಜಕಾರ್ತಾದ ಆಫೀಸಿನವರನ್ನು ಹೊತ್ತವು. ಕೊನೆಯ ದಿನ ಪ್ಲಾಟ್‌ಫಾರ್ಮಿನಲ್ಲಿ ಕ್ಯಾಮೆರಾ ಹಿಡಿದ ಹುಡುಗರ ಹಿಂದೆ, ಕೋಟು ಹಾಕಿದ ಹಿರಿಯರು ಸುಮ್ನೆ ನಿಂತಿದ್ದರು.

ಕಳೆದ ಆಗಸ್ಟ್‌ನಲ್ಲಿ ಅಮ್ಮ ಫೋನ್ ಮಾಡಿದಾಗ, ಪ್ರತಿ ವರ್ಷದ ಹಾಗೆ, "ಹಣ್ಣಿನ ಯಜಮಾನ್ರು ಬೋರ್ಡ್ ಹಾಕಿದ್ರಾ?" ಅಂದಳು. ಹಾಕಿದ್ದಾರೆ, ಹತ್ತು ಗಂಟೆಗೆ ಹೋದರೆ ಖಾಲಿ ಅಂದೆ. 2022ಕ್ಕೆ ಅವರ ಮೂವತ್ತು ವರ್ಷ ಮುಗಿಯಿತು, ಮಾರಬಹುದಿತ್ತು, ಮಾರಲಿಲ್ಲ, ಇನ್ನು ಹತ್ತು ವರ್ಷಕ್ಕೆ ಬರೆಸಿದ್ದಾರೆ ಅಂತ ಹೇಳಿದೆ. ಆ ಕಡೆ ಮಳೆಯ ಸದ್ದು ಕೇಳುತ್ತಿತ್ತು.

"ಹತ್ತು ವರ್ಷ ಅಂದ್ರೆ ಹೊಸ ಗಿಡ ಇಡಬಹುದು ಬಿಡು" ಅಂದಳು ಅಮ್ಮ. "ಇಡೋಕೆ ಹೇಳು."